ಹಿಮ್ಮಡಿಯ ಸುಣ್ಣ

ಸೋಸಲೆ
19 ಅಕ್ಟೋಬರ್ 2025

ಮೇಷ್ಟ್ರೇ,

ಆವತ್ತು ನನ್ನ ಕಾಲು ಗೆರೆಯ ಮೇಲಿತ್ತು.

ಎರಡೂವರೆ ವರ್ಷದಿಂದ ಇದನ್ನು ಯಾರಿಗೂ ಹೇಳಿಲ್ಲ. 2023ರ ಫೆಬ್ರವರಿಯಲ್ಲಿ ನಂಜನಗೂಡಿನ ಫೈನಲ್‌ನಲ್ಲಿ ನಮ್ಮ ಸ್ಕೂಲು ತಿ. ನರಸೀಪುರದವರ ಮೇಲೆ ಒಂದೇ ಪಾಯಿಂಟಿನಿಂದ ಗೆದ್ದಿತಲ್ಲ, ಕೊನೆಯ ಬಾಸ್ಕೆಟ್ಟನ್ನು ಮೂಲೆಯಿಂದ ಹಾಕಿದವನು ನಾನು. ಎಸೆಯುವಾಗ ಎಡಗಾಲಿನ ಹಿಮ್ಮಡಿ ಪಕ್ಕದ ಗೆರೆಯನ್ನು ತುಳಿದಿತ್ತು. ತುಳಿದರೆ ಚೆಂಡು ಹೊರಗೆ ಹೋದಂತೆ, ಬಾಸ್ಕೆಟ್ ಇಲ್ಲ. ಅದು ಬೆಳಿಗ್ಗೆ ನೀವೇ ಸುಣ್ಣದ ಪುಡಿಯಲ್ಲಿ ಎಳೆದ ಗೆರೆ. ಬಹುಮಾನಕ್ಕೆ ಕರೆಯುವ ಮೊದಲು ನಲ್ಲಿಯ ಹತ್ತಿರ ಹೋಗಿ ಕ್ಯಾನ್ವಾಸ್ ಶೂ ಹಿಂಭಾಗಕ್ಕೆ ಹತ್ತಿದ್ದ ಸುಣ್ಣವನ್ನು ತೊಳೆದುಕೊಂಡೆ. ಹುಡುಗರು ನಾನು ಸಂತೋಷಕ್ಕೆ ಅಳುತ್ತಾ ಮುಖ ತೊಳೆಯಲು ಹೋದೆನೆಂದು ತಿಳಿದರು.

ಈಗ ಹೇಳುವುದಕ್ಕೆ ಕಾರಣ ಹೋದ ವಾರ ಬಂದ ನಿಮ್ಮ ಕಾಗದ. ನವೆಂಬರಿನಲ್ಲಿ ಗಂಟಲಿನ ಆಪರೇಷನ್, ಆಮೇಲೆ ಮಾತು ಇರುವುದಿಲ್ಲ ಎಂದು ಬರೆದಿದ್ದೀರಿ. ಇಪ್ಪತ್ತೆರಡು ವರ್ಷ ನೀವು ಹಿಡಿದ ಮೈಕನ್ನು ಬರುವ ಫೆಬ್ರವರಿಯ ಪಂದ್ಯಕ್ಕೆ ನಾನು ಹಿಡಿಯಬೇಕು ಎಂದಿದ್ದೀರಿ. ಆ ಮೇಜಿನಿಂದ ಎದುರಿಗೆ ಕಾಣುವುದೇ ಆ ಮೂಲೆ. ಅಲ್ಲಿ ಕೂತು ನಾನು ಯಾರದ್ದು ಸರಿ, ಯಾರದ್ದು ತಪ್ಪು ಎಂದು ಹೇಗೆ ಕೂಗಲಿ?

ನಾನು ಇಂಗ್ಲಿಷಿನಲ್ಲಿ ಫೇಲಾಗಿ ಸ್ಕೂಲು ಬಿಟ್ಟೆನೆಂದು ನೀವು ಎಲ್ಲರಿಗೂ ಹೇಳುತ್ತಿದ್ದೀರಂತೆ, ಪಾಪ ಎಂದು. ಅದು ನಿಜವಲ್ಲ. ನಾನು ಪರೀಕ್ಷೆಗೆ ಹೋಗಲೇ ಇಲ್ಲ. ಗೆದ್ದವರಲ್ಲಿ ಇಬ್ಬರಿಗೆ ಪಂದ್ಯದ ಕಮಿಟಿಯ ಪರವಾಗಿ ಕ್ರೀಡಾ ಹಾಸ್ಟೆಲ್ಲಿಗೆ ಶಿಫಾರಸು ಪತ್ರ ಕೊಟ್ಟಿರಲ್ಲ, ನನ್ನದು ಇನ್ನೂ ಟ್ರಂಕಿನಲ್ಲಿ ಮಡಿಸಿದಂತೆಯೇ ಇದೆ. ಅದನ್ನು ಉಪಯೋಗಿಸಲು ಮನಸ್ಸು ಬರಲಿಲ್ಲ, ಹಿಂದಕ್ಕೆ ಕೊಟ್ಟು ಕಾರಣ ಹೇಳಲು ಧೈರ್ಯ ಬರಲಿಲ್ಲ. ಎರಡರ ನಡುವೆ ಸಿಕ್ಕಿಕೊಂಡು, ಸ್ಕೂಲಿನ ಹಾಸ್ಟೆಲ್ ಖಾಲಿ ಮಾಡಿ ಊರಿಗೆ ಬಂದುಬಿಟ್ಟೆ.

ಇಂಗ್ಲಿಷ್ ನನಗೆ ಬರುತ್ತದೆ ಮೇಷ್ಟ್ರೇ. ಅದು ಬಂದದ್ದು ನಿಮ್ಮ ಮೈಕಿನಿಂದ. ಕ್ಲಾಸಿನಲ್ಲಿ ‘ಹೆಸಿಟೇಟ್ ಎಂದರೆ ಹಿಂಜರಿ’ ಎಂದು ಹತ್ತು ಸಲ ಬರೆಸಿದರೂ ತಲೆಗೆ ಹೋಗಿರಲಿಲ್ಲ. ಒಂದು ದಿನ ನಾನು ಚೆಂಡು ಹಿಡಿದು, ಕೊಡಲೋ ಎಸೆಯಲೋ ಎಂದು ನಿಂತಾಗ ನೀವು ‘ಅಮೃತೇಶ್ ಹೆಸಿಟೇಟ್ಸ್’ ಎಂದಿರಿ. ಆ ಪದ ನೇರ ಮೊಣಕೈಗೆ ಬಂದು ಕೂತಿತು. ಆವತ್ತಿನಿಂದ ಒಂದು ನೋಟ್‌ಬುಕ್ ಇಟ್ಟೆ. ಅದರಲ್ಲಿ ಅರ್ಥ ಬರೆಯುವುದಿಲ್ಲ, ಆ ಪದ ಹೇಳಿದಾಗ ಅಂಕಣದಲ್ಲಿ ಏನಾಯಿತೋ ಅದನ್ನು ಬರೆಯುತ್ತೇನೆ. ‘ಡಿಫ್ಲೆಕ್ಟ್: ಚೆಂಡು ಬೆರಳ ತುದಿಗೆ ತಾಗಿ ಬೇರೆ ಕಡೆ ಹೋಯಿತು.’ ಅದರ ಕೆಳಗೆ ಆಮೇಲೆ ಸೇರಿಸಿದ್ದು: ‘ಮಗ ಏನು ಓದುತ್ತಾನೆ ಎಂದು ಯಾರಾದರೂ ಕೇಳಿದರೆ ಅವ್ವ ಮಾಡುವುದು.’

ಈಗ ಊರಿನ ಡೇರಿಯಲ್ಲಿ ಹಾಲು ಅಳೆಯುವ ಕೆಲಸ. ಅಮೆರಿಕದವರ ರಾತ್ರಿಯ ಆಟ ನಮಗೆ ಬೆಳಿಗ್ಗೆ. ಕ್ಯಾನುಗಳ ನಡುವೆ ಫೋನ್ ನಿಲ್ಲಿಸಿಕೊಂಡು ಕಾಮೆಂಟ್ರಿ ಕೇಳುತ್ತೇನೆ. ಚಿತ್ರ ನೋಡಲು ಪುರುಸೊತ್ತಿರುವುದಿಲ್ಲ, ಕಿವಿಯಲ್ಲೇ ಆಟ. ನೋಟ್‌ಬುಕ್ ಮೂರನೆಯದಾಗಿದೆ.

ನಿಮ್ಮ ದನಿ ಈಗಾಗಲೇ ಪಿಸುಮಾತಾಗಿದೆಯೆಂದು ಮಂಗಳಗೌರಿ ಅಮ್ಮಾವ್ರು ಹೇಳಿದ್ದರಿಂದ ಫೋನ್ ಮಾಡಲಿಲ್ಲ. ಇಂಥದನ್ನು ವಾಟ್ಸಾಪಿನಲ್ಲಿ ಹೇಳಿ, ಓದಿದಿರೋ ಇಲ್ಲವೋ ಎಂದು ನೀಲಿ ಗುರುತು ಕಾಯುತ್ತಾ ಕೂರುವುದೂ ನನ್ನಿಂದ ಆಗದು.

ಮೈಕು ಬೇರೆಯವರಿಗೆ ಕೊಡಿ. ಬೈದು ಬರೆದರೂ ಸರಿ, ಬರೆಯಿರಿ.

ಅಮೃತೇಶ್


ಸೋಸಲೆ
23 ನವೆಂಬರ್ 2025

ಮೇಷ್ಟ್ರೇ,

ಕಾಗದ ಹಾಕಿ ಐದು ವಾರವಾಯಿತು. ಆಪರೇಷನ್ ಆಗಿರಬಹುದು. ಆದರೆ ಹೋಗಿರುವುದು ಗಂಟಲು, ಕೈಯಲ್ಲ.

ಈ ತಿಂಗಳು ಕಲಿತ ಪದ ‘ಅನ್‌ಆನ್ಸರ್ಡ್’. ಒಂದು ತಂಡ ಬಾಸ್ಕೆಟ್ ಮೇಲೆ ಬಾಸ್ಕೆಟ್ ಹಾಕುತ್ತಾ ಹೋಗುತ್ತದೆ, ಎದುರಿನವರಿಂದ ಒಂದೂ ಬರುವುದಿಲ್ಲ. ‘ಟ್ವೆಲ್ವ್ ಅನ್‌ಆನ್ಸರ್ಡ್ ಪಾಯಿಂಟ್ಸ್’ ಎನ್ನುತ್ತಾರೆ. ಮೊದಲು ಗೆಲ್ಲುತ್ತಿರುವವರ ಮೇಲಿನ ಹೊಗಳಿಕೆ ಎಂದುಕೊಂಡಿದ್ದೆ. ಈಗ ಎದುರಿನವರನ್ನು ನೋಡಿ ಹೇಳಿದ್ದು ಅನ್ನಿಸುತ್ತದೆ.

ನಿಮ್ಮ ಮನಸ್ಸಿನಲ್ಲಿರುವುದು ಇಷ್ಟೇ ಇರಬೇಕು: ಇವನಿಗಾಗಿ ಇಷ್ಟೆಲ್ಲ ಮಾಡಿದರೆ, ಈ ಹುಡುಗ ನನ್ನ ಇಪ್ಪತ್ತೆರಡು ವರ್ಷದ ಪಂದ್ಯಕ್ಕೆ ಮಸಿ ಬಳಿಯಲು ಹೊರಟಿದ್ದಾನೆ. ಹಾಗಿದ್ದರೆ ಅದನ್ನೇ ಬರೆಯಿರಿ. ಸುಮ್ಮನಿರುವುದು ನಿಮಗೆ ಒಪ್ಪುವುದಿಲ್ಲ. ಒಂದು ಸೆಕೆಂಡೂ ಸುಮ್ಮನಿರುತ್ತಿರಲಿಲ್ಲ ನೀವು.

ಅಮೃತೇಶ್


ನಂಜನಗೂಡು
2 ಡಿಸೆಂಬರ್ 2025

ಅಮೃತೇಶ, ಮಗೂ,

ನಾನು ಮಂಗಳಗೌರಿ ಬರೆಯುತ್ತಿದ್ದೇನೆ. ಅವರ ಮೇಲೆ ಸಿಟ್ಟಾಗಬೇಡ. ನಿನ್ನ ಎರಡು ಕಾಗದಗಳನ್ನೂ ಅವರು ಓದಿಲ್ಲ. ನಾನು ಕೊಟ್ಟಿಲ್ಲ.

ಮೊದಲನೆಯದು ಬಂದ ದಿನ ಅವರು ಮೈಸೂರಿಗೆ ಟೆಸ್ಟಿಗೆ ಹೋಗಿದ್ದರು. ಒಡೆದು ನೋಡಿದೆ. ಗಂಡನ ಕಾಗದ ಒಡೆಯುವುದು ತಪ್ಪೇ. ಆದರೆ ಆ ವಾರ ಮನೆಗೆ ಬರುತ್ತಿದ್ದ ಕಾಗದವೆಲ್ಲ ರಿಪೋರ್ಟೇ ಆಗಿತ್ತು, ಕೈ ತಾನಾಗಿಯೇ ಒಡೆಯಿತು. ಓದಿದ ಮೇಲೆ ಅಕ್ಕಿ ಡಬ್ಬದಲ್ಲಿಟ್ಟೆ. ಆಪರೇಷನ್ನಿಗೆ ಹೋಗುವ ಮನುಷ್ಯನಿಗೆ ಇದನ್ನು ಹೇಗೆ ಕೊಡಲಿ?

ಹನ್ನೊಂದನೇ ತಾರೀಖು ಆಪರೇಷನ್ ಆಯಿತು. ಕತ್ತಿನಲ್ಲಿ ಒಂದು ತೂತು ಮಾಡಿದ್ದಾರೆ, ಉಸಿರು ಅಲ್ಲಿಂದಲೇ. ಒಂದು ಸ್ಲೇಟು ತಂದುಕೊಟ್ಟಿದ್ದೇನೆ, ಏನು ಬೇಕಾದರೂ ಅದರಲ್ಲಿ ಬರೆಯುತ್ತಾರೆ. ಟೀವಿಯಲ್ಲಿ ಆಟ ಹಾಕಿಕೊಂಡು ದನಿ ಪೂರ್ತಿ ಕಡಿಮೆ ಮಾಡಿ ನೋಡುತ್ತಾರೆ. ಏಕೆಂದು ಕೇಳಿದರೆ ಸ್ಲೇಟಿನ ಮೇಲೆ ‘ಅವನು ತಪ್ಪು ಹೇಳುತ್ತಾನೆ’ ಎಂದು ಬರೆದರು.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಕೊಡುತ್ತೇನೆ. ನಾನು ಇಟ್ಟುಕೊಂಡಿದ್ದೆನೆಂದು ಅವರಿಗೆ ನೀನು ಬರೆಯಬೇಡ. ನಾನೇ ಹೇಳುತ್ತೇನೆ.

ಮಂಗಳಗೌರಿ


ಸೋಸಲೆ
7 ಡಿಸೆಂಬರ್ 2025

ಅಮ್ಮಾವ್ರೇ,

ಎರಡನೇ ಕಾಗದವನ್ನು ಒಲೆಗೆ ಹಾಕಿಬಿಡಿ. ಅದು ಕೆಟ್ಟ ಕಾಗದ. ಮೊದಲನೆಯದನ್ನು ಯಾವಾಗ ಕೊಡಬೇಕೋ ನಿಮಗೆ ಗೊತ್ತು. ಆದರೆ ಕೊಡಿ. ಮೇಷ್ಟ್ರಿಗೆ ನೋವಾಗದಿರಲೆಂದು ಮುಚ್ಚಿಟ್ಟದ್ದು ಈಗಾಗಲೇ ಎರಡೂವರೆ ವರ್ಷದಷ್ಟಿದೆ, ನೀವೂ ಅದಕ್ಕೆ ಸೇರಿಸಬೇಡಿ.

ಮನೆಯಲ್ಲಿ ಬೆಳೆದ ಬಾಳೆಹಣ್ಣು ಕಳಿಸಿದ್ದೇನೆ. ಅವರು ನುಂಗಬಹುದೋ ಇಲ್ಲವೋ ತಿಳಿಯಲಿಲ್ಲ. ಇಲ್ಲದಿದ್ದರೆ ನೀವು ತಿನ್ನಿ.

ಅಮೃತೇಶ್


ನಂಜನಗೂಡು
4 ಜನವರಿ 2026

ಅಮೃತೇಶ,

ನಿನ್ನ ಅಕ್ಟೋಬರಿನ ಕಾಗದ ಮೊನ್ನೆ ಕೈಗೆ ಬಂತು. ತಡವಾದದ್ದು ಏಕೆಂದು ಮಂಗಳಗೌರಿ ಹೇಳಿದ್ದಾಳೆ. ನವೆಂಬರಿನ ಕಾಗದವನ್ನೂ ಕೊಟ್ಟಳು. ಒಲೆಗೆ ಹಾಕೆಂದು ನೀನು ಬರೆದಿದ್ದೆಯಂತೆ. ನಮ್ಮದು ಗ್ಯಾಸ್.

ನನ್ನ ಕೈ ಚೆನ್ನಾಗಿಯೇ ಇದೆ.

ಗೆರೆಯ ವಿಷಯ. ಆಟ ಮುಗಿದ ಮೇಲೆ ನಾನು ಆ ಮೂಲೆಗೆ ಹೋಗಿ ನೋಡಿದ್ದೇನೆ. ಗೆರೆ ಎಲ್ಲೂ ಮುರಿದಿರಲಿಲ್ಲ. ಹದಿನಾರು ವರ್ಷದ ಹುಡುಗನಿಗೆ ಗೆದ್ದ ಭಯದಲ್ಲಿ ಏನೇನೋ ಅನ್ನಿಸುತ್ತದೆ. ಅದನ್ನು ಅಲ್ಲಿಗೇ ಬಿಡು. ಅದಕ್ಕಾಗಿ ಪರೀಕ್ಷೆ ಬಿಟ್ಟೆ ಎಂದರೆ ಅದು ಮೂರ್ಖತನ, ಪ್ರಾಮಾಣಿಕತೆ ಅಲ್ಲ.

ಪಂದ್ಯ ಫೆಬ್ರವರಿ 22ಕ್ಕೆ. ನೀನೇ ಮೈಕಿಗೆ ಬರುತ್ತೀಯೆಂದು ಕಮಿಟಿಯ ಸೆಕ್ರೆಟರಿ ನಂಜುಂಡೇಶನಿಗೆ ಬರೆದುಕೊಟ್ಟಿದ್ದೇನೆ. ಹಳೇ ನಿಯಮ ನೆನಪಿರಲಿ. ಹಾಕಿದವನ ಹೆಸರು ಹೇಳು, ತಪ್ಪಿದವನದ್ದು ಬೇಡ. ಅವನ ತಾಯಿ ಅಲ್ಲೇ ಎಲ್ಲೋ ನಿಂತಿರುತ್ತಾಳೆ.

ನನ್ನ ಯೋಗಕ್ಷೇಮ ಕೇಳಬೇಡ. ನಿನ್ನ ನೋಟ್‌ಬುಕ್ಕಿನಲ್ಲಿ ‘ಗಾರ್ಬೇಜ್ ಟೈಮ್’ ಇರಬೇಕಲ್ಲ? ಸೋಲು ಗೆಲುವು ತೀರ್ಮಾನವಾದ ಮೇಲೆ ಉಳಿಯುವ ನಾಲ್ಕೈದು ನಿಮಿಷ. ಆಡಿದರೂ ಅಷ್ಟೇ, ಆಡದಿದ್ದರೂ ಅಷ್ಟೇ. ನಾನೀಗ ಅಲ್ಲಿದ್ದೇನೆ.

ಶಂಭುಲಿಂಗಪ್ಪ


ಸೋಸಲೆ
18 ಜನವರಿ 2026

ಮೇಷ್ಟ್ರೇ,

ನನಗೆ ಅನ್ನಿಸಿದ್ದಲ್ಲ. ತುಳಿದಿದ್ದೆ. ಶೂ ತೊಳೆದ ನೀರು ಬೆಳ್ಳಗೆ ಹರಿದದ್ದನ್ನು ನೋಡಿದ್ದೇನೆ.

ನೀವು ಒಪ್ಪಲಿಲ್ಲವೆಂದು, ಒಪ್ಪಬೇಕಾದ ಇನ್ನೊಬ್ಬನನ್ನು ಹುಡುಕಿಕೊಂಡು ಹೋದೆ. ಚಂದ್ರಶೇಖರ್ ನೆನಪಿರಬೇಕಲ್ಲ, ತಿ. ನರಸೀಪುರದ ಕ್ಯಾಪ್ಟನ್. ಆವತ್ತು ಮೂಲೆಯಲ್ಲಿ ನನ್ನನ್ನು ತಡೆಯುತ್ತಿದ್ದವನು. ಅವರು ಗೆದ್ದಿದ್ದರೆ ಶಿಫಾರಸು ಪತ್ರ ಅವನಿಗೆ ಸಿಗುತ್ತಿತ್ತು. ಹತ್ತನೇ ಕ್ಲಾಸ್ ಮುಗಿಸಿ ಅವನೂ ನಿಲ್ಲಿಸಿದ್ದಾನೆ. ಮಾವನ ಪಿಕಪ್ ಗಾಡಿಯಲ್ಲಿ ಕೇರಳಕ್ಕೆ ಬಾಳೆಕಾಯಿ ಹೊಡೆಯುತ್ತಾನೆ. ತಿ. ನರಸೀಪುರದ ಬಾಳೆ ಮಂಡಿಯ ಮುಂದೆ ಗೊನೆ ತುಂಬುತ್ತಿದ್ದ.

“ಯಾರ್ಲಾ ಅದು? ಓ, ನಂಜನಗೂಡಿನ್ ಕಪ್ಪು ಎತ್ತಿದ ಸಾಯೇಬ್ರು! ಏನ್ಲಾ ಇತ್ಲಾಗೆ?”

“ನಿನ್ನತ್ರ ಒಂದ್ ಮಾತ್ ಏಳ್ಬೇಕಿತ್ತು ಕಣ್ಲಾ.”

“ಏಳು. ಗೊನೆ ಎತ್ಕಂಡೇ ಏಳು. ಕಂಬ ನಿಂತಂಗೆ ನಿಂತ್ಕಬ್ಯಾಡ.”

ನಾಲ್ಕು ಗೊನೆ ಎತ್ತಿಕೊಟ್ಟೆ. ಐದನೆಯದು ಹೆಗಲ ಮೇಲಿರುವಾಗ ಹೇಳಿದೆ, ಕಾಲು ಗೆರೆಯ ಮೇಲಿತ್ತೆಂದು. ಅವನು ತಿರುಗಿಯೂ ನೋಡಲಿಲ್ಲ.

“ಗೊತ್ತು.”

“ಗೊತ್ತಾ?”

“ನಿನ್ ಕಾಲ್ ಪಕ್ದಲ್ಲೇ ನನ್ ಕಾಲಿತ್ತಲ್ಲ. ಸುಣ್ಣ ನನ್ ಕಾಲ್ಗೂ ಆರ್ತು.”

“ಮತ್ಯಾಕ್ಲಾ ಏಳ್ನಿಲ್ಲ?”

ಆಗ ತಿರುಗಿದ. “ಏಳ್ನಿಲ್ವಾ? ರೆಫ್ರಿ ಕಲ್ಲಯ್ಯ ಸಾರ್ ಮುಂದೆ ನಿಂತ್ಕಂಡು ‘ಗೆರೆ ತುಳುದ್ಬುಟ್ಟವ್ನೆ ಸಾ, ತುಳುದ್ಬುಟ್ಟವ್ನೆ ಸಾ’ ಅಂತ ಮೂರ್ ಸಲ ಬಡ್ಕಂಡೆ ಕಣ್ಲಾ. ಅವ್ರೂ ವಿಶಿಲ್ ಬಾಯ್ಗಿಟ್ಟಿದ್ರು. ಅಷ್ಟೊತ್ಗೆ ನಿಮ್ ಮೇಷ್ಟ್ರು ಮೈಕಲ್ಲಿ ಇಂಗ್ಲೀಸ್ನಲ್ಲಿ ಏಳ್ಬುಟ್ರು. ಕಲ್ಲಯ್ಯ ಸಾರು ಮೈಕ್ ಕಡೆ ನೋಡುದ್ರು, ವಿಶಿಲ್ ಇಳುಸ್ಬುಟ್ರು. ಮೈಕಲ್ಲಿ ಇಂಗ್ಲೀಸು, ಬಾಯಲ್ಲಿ ಕನ್ನಡ. ಯಾರ್ದು ಕೇಳಾರು ಏಳು?”

ನಾನು ಹೆಗಲ ಮೇಲಿನ ಗೊನೆಯನ್ನು ಗಾಡಿಗೆ ಇಳಿಸಿದೆ.

“ಅದ್ಸರಿ, ಅವ್ರು ಅಂದಿದ್ದಾದ್ರೂ ಏನ್ಲಾ? ಇವತ್ಗೂ ನಂಗೊತ್ತಿಲ್ಲ.”

“ಇಟ್ ಕೌಂಟ್ಸ್.”

“ಅಂಗಂದ್ರೆ?”

“ಲೆಕ್ಕಕ್ಕಯ್ತೆ ಅಂತ.”

“ಅಷ್ಟೇಯಾ?” ನಕ್ಕುಬಿಟ್ಟ. “ಎರಡೇ ಮಾತಾ? ನಾನೇನೋ ದೊಡ್ ಕಾನೂನ್ ಏಳುದ್ರು ಅನ್ಕಂಡಿದ್ನಲ್ಲೋ!”

ಮೇಷ್ಟ್ರೇ, ಅವನು ಮೂರು ವರ್ಷದಿಂದ ಏನೆಂದು ತಿಳಿಯದ ಎರಡು ಪದಕ್ಕೆ ಸೋತು ಕೂತಿದ್ದಾನೆ. ಅದೇ ಎರಡು ಪದ ನನ್ನ ನೋಟ್‌ಬುಕ್ಕಿನಲ್ಲಿ ಎಂದೋ ಇವೆ, ಪಕ್ಕದಲ್ಲಿ ಬರೆದಿರುವುದು ಅದೇ ದಿನದ ಆಟ.

ಹೊರಡುವಾಗ ಒಂದು ಮಾತು ಹೇಳಿದ. ಹಾಸ್ಟೆಲ್ಲು ಹೋದದ್ದು ಹೋಯಿತು, ಅದರ ಚಿಂತೆ ಇಲ್ಲವಂತೆ. “ಆವತ್ತು ನಮ್ಮವ್ವ ಆಟ ನೋಡಕ್ ಬಂದಿದ್ಲು. ಸೋತುಬುಟ್ಟು ಸುಳ್ ಏಳ್ದ ನನ್ ಮಗ ಅಂತವ ಇವತ್ಗೂ ಅನ್ಕಂಡವ್ಳೆ. ನಾನ್ ಏನ್ ಏಳುದ್ರೂ ನಂಬಕಿಲ್ಲ. ಮೈಕಲ್ಲಿ ಬಂದದ್ದಲ್ವಾ. ಆಗೋದಾದ್ರೆ ಅದೇ ಮೈಕಲ್ ಏಳ್ಸು. ಕನ್ನಡದಲ್ ಏಳ್ಸು, ಅವ್ಳಿಗೆ ಅರ್ಥ ಆಗ್ಲಿ.”

ಆದ್ದರಿಂದ ನನ್ನ ಉತ್ತರ ಬದಲಾಗಿದೆ. ಫೆಬ್ರವರಿ 22ಕ್ಕೆ ಬರುತ್ತೇನೆ. ಅದನ್ನು ಹೇಳುವುದಾದರೆ ಮಾತ್ರ ಬರುತ್ತೇನೆ. ನನ್ನ ಕಾಲಿನ ಮಾತನ್ನು ನಾನೇ ಹೇಳಬಹುದು. ಆದರೆ ನಿಮ್ಮ ಮೈಕಿನಲ್ಲಿ ನಿಮ್ಮನ್ನು ಕೇಳದೆ ಹೇಳಲಾರೆ.

ಗಾರ್ಬೇಜ್ ಟೈಮ್ ಬಗ್ಗೆ. ನೀವು ಬರೆದದ್ದು ತಪ್ಪು. ಇಪ್ಪತ್ತು ಪಾಯಿಂಟ್ ಹಿಂದಿದ್ದಾಗಲೇ ಅಲ್ಲವೇ ಬೆಂಚಿನ ಹುಡುಗರು ಅಂಕಣಕ್ಕೆ ಇಳಿಯುತ್ತಿದ್ದದ್ದು? ಏಳನೇ ಕ್ಲಾಸಿನಲ್ಲಿ ನಾನು ಮೊದಲ ಸಲ ಇಳಿದದ್ದು ಅಂಥ ನಾಲ್ಕು ನಿಮಿಷಕ್ಕೆ. ಜನ ಎದ್ದು ಹೋಗುತ್ತಿದ್ದರು. ಆಗ ನೀವು ಕೂಗಿದಷ್ಟು ಗಟ್ಟಿಯಾಗಿ ಫೈನಲ್‌ನಲ್ಲಿಯೂ ಕೂಗಿಲ್ಲ. ನನ್ನ ಹೆಸರು ಮೈಕಿನಲ್ಲಿ ಕೇಳಿದ್ದು ಆವತ್ತೇ ಮೊದಲು.

ಅಮೃತೇಶ್


ನಂಜನಗೂಡು
8 ಫೆಬ್ರವರಿ 2026

ಅಮೃತೇಶ,

ನಿನ್ನ ಕಾಗದವನ್ನು ಮೂರು ವಾರ ದಿಂಬಿನ ಕೆಳಗಿಟ್ಟುಕೊಂಡಿದ್ದೆ. ಈ ಸಲ ಮಂಗಳಗೌರಿಯಲ್ಲ, ನಾನೇ ಮುಚ್ಚಿಟ್ಟವನು.

ಗೆರೆ ಎಲ್ಲೂ ಮುರಿದಿರಲಿಲ್ಲ ಎಂದು ಬರೆದಿದ್ದೆ. ಆ ಮಾತು ಸುಳ್ಳಲ್ಲ, ಸುಳ್ಳಿಗಿಂತ ಕೆಟ್ಟದ್ದು. ನೀವೆಲ್ಲ ಬಹುಮಾನಕ್ಕೆ ಸಾಲು ನಿಂತಿದ್ದಾಗ ನಾನು ಸುಣ್ಣದ ಡಬ್ಬ ತೆಗೆದುಕೊಂಡು ಆ ಮೂಲೆಗೆ ಹೋದೆ. ಗೆರೆಯಲ್ಲಿ ಮೂರು ಬೆರಳಿನಷ್ಟು ಜಾಗ ಅಳಿಸಿತ್ತು, ಹಿಮ್ಮಡಿಯ ಆಕಾರದಲ್ಲೇ. ಅದನ್ನು ನಾನೇ ತುಂಬಿದೆ. ಯಾರಾದರೂ ಕೇಳಿದ್ದರೆ, ನಾಳೆಯ ಹುಡುಗಿಯರ ಪಂದ್ಯಕ್ಕೆ ಎನ್ನುತ್ತಿದ್ದೆ. ಯಾರೂ ಕೇಳಲಿಲ್ಲ. ಇಪ್ಪತ್ತು ವರ್ಷ ಗೆರೆ ಎಳೆದವನನ್ನು ಯಾರು ಕೇಳುತ್ತಾರೆ?

ಕೂಗುವ ಭರದಲ್ಲಿ ಬಾಯಿ ಜಾರಿತೆಂದು ನನಗೆ ನಾನೇ ಹೇಳಿಕೊಂಡು ಬಂದೆ. ಅದೂ ಅಲ್ಲ. ಕಣ್ಣು ಮೊದಲು ನೋಡಿತು, ಬಾಯಿ ಆಮೇಲೆ ಹೇಳಿತು. ನಡುವೆ ಒಂದು ಉಸಿರಿನಷ್ಟು ಹೊತ್ತಿತ್ತು. ಸೋಸಲೆಯಿಂದ ಬಂದ ಹುಡುಗ, ಇಂಗ್ಲಿಷಿನಲ್ಲಿ ತನ್ನ ಹೆಸರು ಬರೆಯಲೂ ಬಾರದಿದ್ದವನು, ನನ್ನ ಬಾಯಿಯಿಂದ ಒಂದೊಂದೇ ಪದ ಆರಿಸಿಕೊಂಡು ಮೇಲೆ ಬಂದಿದ್ದಾನೆ, ಒಂದು ಹಾಸ್ಟೆಲ್ ಸೀಟು ಸಿಕ್ಕಿದರೆ ದಾರಿಗೆ ಹತ್ತುತ್ತಾನೆ, ಇಷ್ಟೂ ಆ ಉಸಿರಿನಲ್ಲಿ ಬಂತು. ಕಲ್ಲಯ್ಯ ನನ್ನ ಕಡೆ ನೋಡುತ್ತಾನೆಂಬುದೂ ಗೊತ್ತಿತ್ತು. ಅವನಿಗೆ ಇಂಗ್ಲಿಷ್ ಎಂದರೆ ಅಂಜಿಕೆ. ಅದಕ್ಕೇ ಇಂಗ್ಲಿಷಿನಲ್ಲಿ ಹೇಳಿದೆ.

ನಿನಗೆ ಒಳ್ಳೆಯದು ಮಾಡಿದೆನೆಂದು ತಿಳಿದಿದ್ದೆ. ನೀನು ಸ್ಕೂಲು ಬಿಟ್ಟಾಗ ಇಂಗ್ಲಿಷ್ ಪರೀಕ್ಷೆಯ ಕಾರಣ ಎಂದು ಹೇಳಿಕೊಂಡು ತಿರುಗಿದೆ. ಬೇರೆ ಕಾರಣ ಇರಬಹುದೆಂದು ಯೋಚಿಸಲು ನನಗೆ ಇಷ್ಟವಿರಲಿಲ್ಲ. ಒಂದೇ ಸುಳ್ಳಿನಿಂದ ಇಬ್ಬರು ಹುಡುಗರನ್ನು ಕಳೆದೆ.

ಗಂಟಲು ಹೋದದ್ದು ಅದಕ್ಕೇ ಎಂದು ಮಂಗಳಗೌರಿಗೆ ಒಳಗೊಳಗೇ ನಂಬಿಕೆ. ದೇವಸ್ಥಾನದಲ್ಲಿ ಉರುಳುಸೇವೆಯ ಹರಕೆ ಹೊತ್ತಿದ್ದಾಳೆ. ನಾನು ನಂಬುವುದಿಲ್ಲ. ಗಂಟಲು ಗಂಟಲಿನ ಕಾರಣಕ್ಕೇ ಹೋಯಿತು. ಆದರೆ ಹೇಳಬೇಕಾದದ್ದನ್ನು ಹೇಳುವಷ್ಟು ದಿನ ಇತ್ತು, ನಾನು ಹೇಳಲಿಲ್ಲ.

ಪಂದ್ಯದ ದಿನ ನಾನು ಮೈಸೂರಿನ ಆಸ್ಪತ್ರೆಯಲ್ಲಿರುತ್ತೇನೆ, ಗಂಟಲಿಗೆ ಕರೆಂಟು ಕೊಡುತ್ತಾರೆ, ರೇಡಿಯೇಷನ್. ಬರಲಾರೆ. ಬಹುಮಾನಕ್ಕೆ ಮೊದಲು ಇದನ್ನು ಓದು, ಕನ್ನಡದಲ್ಲಿಯೇ:

‘2023ರ ಫೈನಲ್‌ನ ಕೊನೆಯ ಬಾಸ್ಕೆಟ್ ಲೆಕ್ಕಕ್ಕಿರಲಿಲ್ಲ. ಗೆರೆ ತುಳಿದದ್ದನ್ನು ಕಣ್ಣಾರೆ ನೋಡಿಯೂ ನಾನು ಸುಳ್ಳು ಹೇಳಿದೆ. ತಿ. ನರಸೀಪುರದ ಚಂದ್ರಶೇಖರ್ ಹೇಳಿದ್ದೇ ನಿಜ. ಹೀಗೆಂದು ಬರೆದವನು ಶಂಭುಲಿಂಗಪ್ಪ.’

ತಪ್ಪಿದವನ ಹೆಸರು ಮೈಕಿಗೆ ಬೇಡ ಎನ್ನುತ್ತಿದ್ದೆ. ಈ ಸಲ ಹೇಳು.

ಶಂಭುಲಿಂಗಪ್ಪ


ಸೋಸಲೆ
1 ಮಾರ್ಚ್ 2026

ಮೇಷ್ಟ್ರೇ,

ನಂಜುಂಡೇಶಣ್ಣ ಬಂದು ಏನು ಹೇಳಿದರೋ ತಿಳಿಯದು. ನಡೆದದ್ದು ಹೀಗೆ.

ಬೆಳಿಗ್ಗೆ ಒಂಬತ್ತರಿಂದ ಮೈಕಿನಲ್ಲಿದ್ದೆ. ಮೊದಲ ಆಟದಲ್ಲಿ ದನಿ ಹಿಡಿತಕ್ಕೆ ಬರಲಿಲ್ಲ, ಆಮೇಲೆ ಬಂತು. ತಪ್ಪಿದವನ ಹೆಸರು ಒಂದೂ ಹೇಳಲಿಲ್ಲ. ಮೂರನೇ ಆಟದಲ್ಲಿ ಒಂದು ತಂಡ ಇಪ್ಪತ್ತಾರು ಪಾಯಿಂಟ್ ಹಿಂದಿತ್ತು. ಕೊನೆಗೆ ಸಣ್ಣ ಹುಡುಗ ಒಬ್ಬನನ್ನು ಇಳಿಸಿದರು, ಬನಿಯನ್ನು ಮೊಣಕಾಲಿಗೆ ಬರುತ್ತಿತ್ತು. ಅವನ ಹೆಸರನ್ನು ಹನ್ನೊಂದು ಸಲ ಕೂಗಿದೆ. ನಿಮಗಾಗಿ ಕೂಗಿದ್ದು.

ಬಹುಮಾನದ ಹೊತ್ತಿಗೆ ಹಾಳೆ ತೆಗೆದೆ. ‘ಶಂಭುಲಿಂಗಪ್ಪ ಮೇಷ್ಟ್ರು ಒಂದು ಮಾತು ಬರೆದು ಕಳಿಸಿದ್ದಾರೆ’ ಎಂದೆ. ಅಷ್ಟಕ್ಕೇ ಚಪ್ಪಾಳೆ ಶುರುವಾಯಿತು. ಮೇಷ್ಟ್ರು ಹುಷಾರಾಗಲಿ ಎಂದು ಯಾರೋ ಜೈಕಾರ ಹಾಕಿದರು. ನಾನು ನಿಲ್ಲಿಸಲಿಲ್ಲ, ಓದಿದೆ. ಪೂರ್ತಿ ಓದಿದೆ, ನಿಮ್ಮ ಹೆಸರಿನ ತನಕ. ಹೆಸರು ಬಂದಾಗ ಮತ್ತೊಮ್ಮೆ ಚಪ್ಪಾಳೆ. ನಡುವಿನದು ಮುಂದಿನ ಸಾಲಿನವರಿಗೆ ಮಾತ್ರ ಕೇಳಿಸಿರಬೇಕು. ನಂಜುಂಡೇಶಣ್ಣನ ಮುಖ ಕಪ್ಪಿಟ್ಟಿತು. “ಏನ್ಲಾ ಇದು, ಸುಭದ ವೊತ್ನಲ್ಲಿ? ಅವ್ರಿಗ್ ಉಸಾರಿಲ್ಲ, ನಿನ್ಗೂ ಇಲ್ವಾ?” ಎಂದು ಮೈಕಿನ ವೈರು ಕಿತ್ತರು.

ಕಲ್ಲಯ್ಯ ಸಾರ್ ಒಬ್ಬರೇ ಎದ್ದು ಬಂದರು. “ನಾನ್ ನೋಡಿರ್ನಿಲ್ಲ ಕಣಪ್ಪ. ಮೈಕ್ ನಂಬ್ಬುಟ್ಟೆ,” ಎಂದರು. ನೀರಿನ ಬಾಟಲಿ ನನ್ನ ಕೈಗೆ ಕೊಟ್ಟು ಹೋದರು.

ಮುಂದಿನ ವರ್ಷಕ್ಕೆ ಮೈಸೂರಿನಿಂದ ಯಾರನ್ನೋ ಕರೆಸುತ್ತಾರಂತೆ. ನನ್ನ ಇಂಗ್ಲಿಷ್ ಬಹಳ ಚೆನ್ನಾಗಿತ್ತಂತೆ. ಕನ್ನಡ ಬೇಡವಾಗಿತ್ತಂತೆ.

ಚಂದ್ರಶೇಖರ್ ಬಂದಿದ್ದ. ಬರುವುದಿಲ್ಲ ಎಂದಿದ್ದವನು ಗೇಟಿನ ಹೊರಗೆ ಗಾಡಿ ನಿಲ್ಲಿಸಿಕೊಂಡು ಸೀಟಿನಲ್ಲೇ ಕೂತಿದ್ದ. ಕೇಳಿಸಿತೇ ಎಂದೆ. “ಕೇಳುಸ್ತು. ಚಪ್ಪಾಳೆನೂ ಕೇಳುಸ್ತು. ಯಾರಿಗ್ ತಟ್ಟುದ್ರು ಅಂತ ಗೊತ್ತಾಗ್ನಿಲ್ಲ.”

ಅವರವ್ವ ಬಂದಿರಲಿಲ್ಲ. ಆದ್ದರಿಂದ ನಿಮ್ಮ ಹಾಳೆಯನ್ನು ಮನೆಗೇ ತೆಗೆದುಕೊಂಡು ಹೋದೆ. ಚಾಮುಂಡಮ್ಮ ಎಂದು ಅವರ ಹೆಸರು. ಜಗಲಿಯ ಮೇಲೆ ಹುರುಳಿ ಆರಿಸುತ್ತಿದ್ದರು. ಮೈಕಿಲ್ಲದೆ, ಅವರೊಬ್ಬರಿಗೇ ಓದಿದೆ. ಗೆರೆ ತುಳಿದವನು ನಾನೇ ಎಂದೂ ಹೇಳಿದೆ. ಬಹಳ ಹೊತ್ತು ಮೊರದಲ್ಲೇ ಕೈಯಾಡಿಸಿದರು.

“ಆವತ್ತು ನಂಜನಗೂಡ್ ಬಸ್‌ಸ್ಟಾಂಡಲ್ಲಿ ಎಲ್ಲರ್ ಮುಂದೆ ಅವನ್ ಕೆನ್ನೆಗ್ ಬಾರ್ಸ್ಬುಟ್ಟೆ ಕಣಪ್ಪ. ಸೋತಿದ್ದುಕ್ಕಲ್ಲ. ಸುಳ್ ಏಳ್ದ ಅಂತವ.”

ಆಮೇಲೆ ಒಳಗೆ ಹೋದವರು ಹೊರಗೆ ಬರಲಿಲ್ಲ. ಚಂದ್ರಶೇಖರ್ ಗಾಡಿಯ ಟೈರಿಗೆ ಗಾಳಿ ನೋಡುತ್ತಿದ್ದ. ಅವನೂ ಒಳಗೆ ಹೋಗಲಿಲ್ಲ.

ಮೂರು ನೋಟ್‌ಬುಕ್ಕನ್ನೂ ಆ ದಿನ ತಿರುವಿ ಹಾಕಿದೆ ಮೇಷ್ಟ್ರೇ. ಆ ಜಗಲಿಯ ಮೇಲೆ ಹೇಳಬಹುದಾಗಿದ್ದ ಒಂದು ಪದವೂ ಇರಲಿಲ್ಲ. ಆಟದಲ್ಲಿ ಯಾರೂ ಯಾರ ಕ್ಷಮೆಯನ್ನೂ ಕೇಳುವುದಿಲ್ಲ, ಅದಕ್ಕೆ ಕಾಮೆಂಟ್ರಿಯಲ್ಲಿ ಅದು ಬರುವುದೇ ಇಲ್ಲ. ನನಗೆ ಬರುವುದು ಆಟದ ನಲವತ್ತು ನಿಮಿಷದ ಇಂಗ್ಲಿಷ್. ಆಟ ಮುಗಿಯುವ ಬಜರ್ ಆದ ಮೇಲಿನದು ಗೊತ್ತಿಲ್ಲ.

ಮೊನ್ನೆ ಅಮ್ಮಾವ್ರಿಗೆ ಫೋನ್ ಮಾಡಿದ್ದೆ. ಹೊಸ ರಿಪೋರ್ಟ್ ಬಂದಿದೆ ಎಂದರು, ಅದರಲ್ಲಿ ಏನಿದೆ ಎಂದು ಹೇಳದೆ ಮಾತು ಬದಲಿಸಿದರು. ನಾನು ಕೇಳಬೇಕಿತ್ತು. ಹೆಸಿಟೇಟ್ ಮಾಡಿದೆ. ಅವರು ನಿಮಗೆ ಹೇಳಿರದಿದ್ದರೆ ನೀವೇ ಕೇಳಿ. ಅಕ್ಕಿ ಡಬ್ಬದಲ್ಲಿ ನೋಡಿ.

ಶಿಫಾರಸು ಪತ್ರವನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಅದರ ಮೇಲಿರುವ ಸಹಿ ನಿಮ್ಮದು.

ಚಂದ್ರಶೇಖರನ ಜೊತೆ ಗಾಡಿಯಲ್ಲಿ ಹೋಗುತ್ತಿದ್ದ ಹುಡುಗ ಬಿಟ್ಟಿದ್ದಾನೆ. ನಾನು ಬರಲೇ ಎಂದು ಕೇಳಿದೆ. “ಬಾ. ಗೊನೆ ಎತ್ತೋದ್ನಾದ್ರೂ ಆವತ್ತೇ ಕಲ್ತಿದ್ದಿ,” ಎಂದ. ದಾರಿಯಲ್ಲಿ ಬೆಳಗಿನ ಆಟ ಹಾಕುತ್ತೇನೆಂದರೆ, ಹಾಕು, ಆದರೆ ಅವರು ಅಂದದ್ದನ್ನೆಲ್ಲ ಅಲ್ಲಲ್ಲೇ ಕನ್ನಡದಲ್ಲಿ ಹೇಳಬೇಕು, ಒಂದನ್ನೂ ಬಿಡಬಾರದು ಎಂದಿದ್ದಾನೆ. ಡೇರಿಯಲ್ಲಿ ಹೇಳಿ ಆಯಿತು. ಅವ್ವ ಏನೂ ಅನ್ನಲಿಲ್ಲ, ಕಂಬಳಿ ಬಿಸಿಲಿಗೆ ಹಾಕಿದ್ದಾಳೆ.

ಗಾಡಿ ನಂಜನಗೂಡಿನ ಮೇಲೆಯೇ ಹೋಗುತ್ತದೆ, ಆದರೆ ನಿಲ್ಲಿಸುವುದಿಲ್ಲ. ಕೋಳಿಕ್ಕೋಡಿಗೆ ಕಾಯಿ ಮುಟ್ಟಿಸಬೇಕು. ನಾಳೆ ಬೆಳಿಗ್ಗೆ ಐದೂವರೆಗೆ ಹೊರಡುತ್ತೇನೆ.

ಅಮೃತೇಶ್